ಶನಿವಾರದ ಅಂಕಣಕ್ಕೆ ಒಂದು ಫೋನು

ಹಂಪನಕಟ್ಟೆಯ ಫೌಸ್ಟಿನ್ ಅದನ್ನು
ಬಾಳೆಲೆಯಿಂದ ಮಲ್ಲಿಗೆ ಅಟ್ಟೆ ಬಿಡಿಸುವ ಹಾಗೆ
ಪೆಟ್ಟಿಗೆಯಿಂದ ಬಿಡಿಸಿದ.
"ಮೂರೇ ದಿನ, ಜಲಜಕ್ಕ. ಗೀರು ಬಿದ್ದರೆ
ನಿಮ್ಮ ಬಾಳಿಗರ ಲೆಕ್ಕಕ್ಕೆ."
ಮೂವತ್ತಾರು ಸಾವಿರ. ನನ್ನ ಒಂಬತ್ತು ತಿಂಗಳು.
ಕ್ಯಾಮೆರಾ ಉಂಟು, ಹಾಡು ಉಂಟು,
ದಾರಿ ಹೇಳಲಿಕ್ಕೆ ಒಳಗೇ ಆಕಾಶ ಉಂಟು ಎಂದ.

ತೂಕ: ಒಂದು ಬನ್ಸಿನಷ್ಟು.
ಕನ್ನಡ: ಇಲ್ಲ. ತಂಗಿಯ ಮೆಸೇಜು ತೆರೆದರೆ
ಸಾಲಿಗೆ ಸಾಲು ಖಾಲಿ ಚೌಕ,
ಹರತಾಳದ ದಿನದ ಅಂಗಡಿಬೀದಿ.

ಉಪಗ್ರಹ: ಆಫೀಸಿನೊಳಗೆ ಸಿಗುವುದಿಲ್ಲ.
ಮನೆಯಂಗಳದ ತೆಂಗಿನಡಿಯಲ್ಲಿ ಹನ್ನೊಂದು ನಿಮಿಷ.
ನಾಲ್ಕು ಬೇಕಂತೆ. ಮೂರು ಬಂದು
ಇನ್ನೊಂದಕ್ಕೆ ಕಾಯುತ್ತವೆ,
ಒಂದು ಸೀಟು ತುಂಬಲಿ ಎಂದು ನಿಂತ ಸರ್ವಿಸ್ ಕಾರು.
ಆಚೆಮನೆಯ ಸೆವ್ರಿನ್ ಬಾಯಿ ಬೇಲಿಯಿಂದ ಕೇಳಿದರು:
"ಎಂಥ ಮೇಲೆ ನೋಡೂದು? ಕಾಯಿ ಬೀಳ್ತದಾ?"

ಬಂತು. ನೀಲಿ ಚುಕ್ಕೆ. ಅದು ನಾನು.
ಮನೆಯಲ್ಲಲ್ಲ, ಹಿಂದಿನ ತೋಡಿನ ನಡುನೀರಿನಲ್ಲಿ.
ಮೂವತ್ತು ಮೀಟರ್ ತಪ್ಪು, ಬರೆದುಕೊಂಡೆ.
(ಬಾಡಿಗೆ ಮನೆಯವಳಿಗೆ
ಅದೇನು ದೊಡ್ಡ ತಪ್ಪಲ್ಲ.)

ಕದ್ರಿ ಕಂಬಳ ರಸ್ತೆ ಅದಕ್ಕೆ ಗೊತ್ತು, ಕಂಬಳ ಗೊತ್ತಿಲ್ಲ.
ಬಿಜೈಯನ್ನು ಆ ಹೆಂಗಸಿನ ದನಿ
ಯಾರದೋ ಗಂಡನ ಹೆಸರಿನಂತೆ ವಿಜಯ್ ಮಾಡಿತು.
ಬಾವುಟಗುಡ್ಡೆ ಇಲ್ಲವೇ ಇಲ್ಲ.
"ಬಲಕ್ಕೆ ತಿರುಗಿ" ಎಂದಿತು ಒಂದು ಕಡೆ.
ಬಲಕ್ಕಿದ್ದದ್ದು ನಲವತ್ತೆರಡು ಮೆಟ್ಟಿಲು.
ಸ್ಕೂಟಿ ನಿಲ್ಲಿಸಿ ಇಳಿದು ಎಣಿಸಿದೆ.
ಹತ್ತರಲ್ಲಿ ಐದು.

ಎರಡನೆಯ ರಾತ್ರಿ ಏನೋ ಒತ್ತಿ ಏನೋ ತೆರೆಯಿತು:
ಉಳಿಸಿಟ್ಟ ಜಾಗಗಳು. ನಾನು ಉಳಿಸಿದ್ದಲ್ಲ.
ನನಗಿಂತ ಮೊದಲು ಮೂರು ದಿನ ಇದನ್ನು ಹೊತ್ತವರು
ಮೂರು ಪುಟ್ಟ ಬಾವುಟ ನೆಟ್ಟು
ಕೀಳಲು ಮರೆತಿದ್ದಾರೆ.
ಒಂದು, ಫೌಸ್ಟಿನ್ ಅಂಗಡಿ.
ಒಂದು, ಕಂಕನಾಡಿಯಲ್ಲಿ ಆಸ್ಪತ್ರೆಯ ಹಿಂದಿನ ಗೇಟು.
ಇನ್ನೊಂದು ನೀರಿನ ಮೇಲೆ,
ಸುಲ್ತಾನ್ ಬತ್ತೇರಿಗೂ ತಣ್ಣೀರುಬಾವಿಗೂ ನಡುವೆ.
ಅದರ ಹೆಸರು, ಇಂಗ್ಲಿಷ್ ಅಕ್ಷರದಲ್ಲಿ: ಇಲ್ಲಿ.

ತೋಡಿನ ತಪ್ಪನ್ನು ಕೂಡಿಸಿ ನೋಡಿದೆ, ಕಳೆದು ನೋಡಿದೆ.
ಯಾವ ಲೆಕ್ಕಕ್ಕೂ ಅದು ದಡ ಮುಟ್ಟಲಿಲ್ಲ.

ಬೆಳಿಗ್ಗೆ ಬತ್ತೇರಿಯಲ್ಲಿ ದೋಣಿ ಹತ್ತಿದೆ.
ಎರಡು ಸೈಕಲ್ಲು, ಬಂಗುಡೆಯ ಬುಟ್ಟಿ,
ಜಮೀನಿನ ಮಾತು ಕಿರುಚಿ ಆಡುತ್ತಿದ್ದ ಇಬ್ಬರು,
ಯೂನಿಫಾರ್ಮಿನ ಒಂದು ಮಗು.
ಹೊಳೆಯ ಮೇಲೆ ಮರವಿಲ್ಲ, ಮಾಡಿಲ್ಲ.
ದಿಬ್ಬಣದ ಬಸ್ಸು ಬಂದು ನಿಂತಂತೆ
ಒಂಬತ್ತು ಉಪಗ್ರಹ ಒಟ್ಟಿಗೆ ಇಳಿದವು.
ನಲವತ್ತು ಮೀಟರ್. ಇಪ್ಪತ್ತು.
ಎಂಟು ಅನ್ನುವಾಗ
ತನಿಯಪ್ಪಣ್ಣ ಎಂಜಿನ್ ಬಂದ್ ಮಾಡಿದರು.

"ಹಾಳಾಯ್ತಾ?"
"ಇಲ್ಲ ಮಾರಾಯ್ರೆ, ದಿನಾ ಇಲ್ಲೇ ಬಂದ್ ಮಾಡೂದು.
ಇನ್ನು ಅದೇ ಹೋಗ್ತದೆ. ಡೀಸೆಲ್ ಯಾಕೆ ಸುಮ್ಮನೆ?"

ಕಿರುಚುತ್ತಿದ್ದ ಇಬ್ಬರೂ ತಟ್ಟನೆ ದನಿ ಇಳಿಸಿದರು,
ತಮ್ಮ ಮಾತು ತಮಗೇ ಕೇಳಿ ನಾಚಿದಂತೆ.
ಮಗು ಬೆರಳದ್ದಿತು. ಅದರ ಸದ್ದೂ ಕೇಳಿತು.
ಆಗ ನನ್ನ ಬ್ಯಾಗಿನಿಂದ ಆ ಹೆಂಗಸು
ಗುರಿ ತಲುಪಿದ್ದೀರಿ ಎಂದು ಇಂಗ್ಲಿಷಿನಲ್ಲಿ ಸಾರಿದಳು.
ಎಲ್ಲರೂ ನನ್ನನ್ನೇ ನೋಡಿದರು.

ಬಾಳಿಗರು ಹೊಳೆಯನ್ನು ಪೂರ್ತಿ ಹೊಡೆದುಹಾಕಿದರು.
"ಬ್ಯಾಟರಿ ಎಷ್ಟು ಹೊತ್ತು ಬರ್ತದೆ, ಅದು ಬರಿ."
ಐದು ಗಂಟೆ. ಬರೆದೆ.

"ಎಲ್ಲ ಅಳಿಸಿ ಕೊಡಿ ಜಲಜಕ್ಕ,
ನಾಳೆ ಬೇರೆಯವರು ಬರ್ತಾರೆ," ಎಂದ ಫೌಸ್ಟಿನ್.
ಅಂಗಡಿ ಅಳಿಸಿದೆ. ಗೇಟು ಅಳಿಸಿದೆ.
ಮೂರನೆಯದನ್ನು ಎಂಟು ಮೀಟರ್
ಬತ್ತೇರಿಯ ಕಡೆಗೆ ಸರಿಸಿ
ಪೆಟ್ಟಿಗೆಗೆ ಹಾಕಿದೆ.