ಒಂದು ಆನೆ ಕಡಿಮೆ

ಗಾಂಧಿ ಬಜಾರಿನಲ್ಲಿ ನೂರಾ ಅರವತ್ತಕ್ಕೆ ಕೊಂಡ ಡಬ್ಬಿ.
ಗಾಜನೂರಿನಲ್ಲಿ ಬಸ್ಸಿಳಿದು ಶಾಲೆಯಲ್ಲಿ ತೆರೆದರೆ
ಮೂವತ್ತೊಂದೇ ಕಾಯಿ.
ನಾನು ಎಣಿಸಿದೆ, ಹೆಡ್‌ಮಾಸ್ಟರು ಎಣಿಸಿದರು,
ಆರನೇ ಕ್ಲಾಸು ಪೂರ್ತಿ ಎದ್ದು ಬಂದು ಎಣಿಸಿತು.
ಕಪ್ಪಿನ ಕಡೆ ಒಂದು ಆನೆ ಕಡಿಮೆ.

"ಆನೆಗೇನು ಬರ ಇಲ್ಲಿ?" ಅಂದರು ಹೆಡ್‌ಮಾಸ್ಟರು
ಕಿಟಕಿಯಾಚೆ ಸಕ್ರೆಬೈಲಿನತ್ತ ಕೈ ತೋರಿ.
ತಮ್ಮ ಜೋಕಿಗೆ ತಾವೇ ನಕ್ಕು
ಅನುದಾನವಿಲ್ಲ ಎಂಬುದನ್ನೂ
ಅದೇ ನಗುವಿನಲ್ಲಿ ಸೇರಿಸಿಬಿಟ್ಟರು.

ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ
ಏಳು ಮಕ್ಕಳು. ಅದರಲ್ಲಿ ನಾಲ್ವರು
ಉಳಿದ ಚಿಕ್ಕಿ ಹಂಚುತ್ತಾರಂತೆ ಎಂಬ ಸುದ್ದಿ ನಂಬಿ ಬಂದವರು.
ಹಂಚಿದೆ. ಸುದ್ದಿ ಹಬ್ಬಿಸಿದ್ದೂ ನಾನೇ.

ಹರಿದ ಭೂಪಟದ ಬೆನ್ನಿಗೆ ಗೀಟು ಹಾಕಿ
ಇನ್ನೆರಡು ಹಾಸು ಮಾಡಿಕೊಂಡೆವು.
ಹುಣಸೆಬೀಜ ಸೈನಿಕರು, ಪೆನ್ನಿನ ಮುಚ್ಚಳ ಮಂತ್ರಿ,
ಸೀಮೆಸುಣ್ಣದ ರಾಜ
ಆಟ ಮುಗಿಯುವಷ್ಟರಲ್ಲಿ ಸವೆದು ಅರ್ಧ.
"ಇದು ಮಂತ್ರಿಯಾ ರಾಣಿಯಾ ಮೇಡಂ?"
ಅರ್ಧ ಗಂಟೆ ಅದೇ ಜಗಳ.
"ಎಲ್ಲಾ ಕಡೆ ಓಡಾಡೋದು ಅದೊಂದೇ ಅಂದ್ರೆ
ನಮ್ಮಮ್ಮನ ಥರದ್ದು," ಅಂದ ತೀರ್ಥೇಶ.
ಅಲ್ಲಿಗೆ ರಾಣಿ ಅಂತಾಯಿತು.

ನನಗೂ ಈ ಆಟ ಅಷ್ಟಕ್ಕಷ್ಟೆ.
ಬಿ.ಎಡ್. ಹಾಸ್ಟೆಲಿನಲ್ಲಿ ಕರೆಂಟು ಹೋದಾಗ ಕಲಿತದ್ದು,
ಕರೆಂಟು ಬರುವಷ್ಟರಲ್ಲಿ ಸೋತದ್ದು.

"ಆನೆ ನೇರ ಹೋಗುತ್ತದೆ," ಬೋರ್ಡಿನ ಮೇಲೆ ಬರೆದೆ.
"ಇಲ್ಲ ಮೇಡಂ."
ಜಬೀನಾ. ಏಳನೇ ಕ್ಲಾಸು, ಬಿಡಾರದ ಕಾವಾಡಿಯ ಮಗಳು,
ಪ್ರಶ್ನೆ ಕೇಳಿದರೆ ಬೆಂಚಿನಡಿ ಪೆನ್ಸಿಲ್ ಹುಡುಕುವವಳು.
"ಆನೆ ನೇರ ಹೋಗಲ್ಲ. ಮೊದ್ಲು ಸೊಂಡಿಲಲ್ಲಿ ನೆಲ ನೋಡುತ್ತೆ,
ಕೆಸರಿದ್ರೆ ಸುತ್ತು ಹಾಕುತ್ತೆ.
ಬೈದ್ರೆ ಅಲ್ಲೇ ನಿಲ್ಲುತ್ತೆ."
ಬರೆದದ್ದನ್ನು ಅಳಿಸಲಿಲ್ಲ.
ಕೆಳಗೆ ಸಣ್ಣಕ್ಕೆ ಸೇರಿಸಿದೆ:
ಈ ಹಾಸಿನ ಮೇಲೆ ಮಾತ್ರ.

ಮುಂದಿನ ಶನಿವಾರ ಅವಳ ಜೇಬಿನಿಂದ
ಟಣ್ಣೆಂದು ಬಿತ್ತು ಒಂದು ಕಬ್ಬಿಣದ ಕೊಂಡಿ.
ಹಳೆಯ ಕಾಲುಸರಪಳಿಯದು,
ಹೊರಗೆಲ್ಲ ತುಕ್ಕು, ಒಳಬದಿ ಸವೆದು ನುಣುಪು.
"ನಂಜಿದು. ಈಗ ಹೊಸದು ಹಾಕಿದಾರೆ. ಇದು ಆನೆ."
ಇದು ಆನೆಯಲ್ಲ ಮಗೂ,
ಆನೆಯನ್ನು ಹಿಡಿದಿಟ್ಟದ್ದು ಎನ್ನಬೇಕೆಂದುಕೊಂಡೆ.
ಅಷ್ಟರಲ್ಲಿ ಅದು ಮೂಲೆಮನೆಯಲ್ಲಿ ಕೂತಾಗಿತ್ತು,
ಭಾರಕ್ಕೆ ರಟ್ಟು ತಗ್ಗಿ
ಪಕ್ಕದ ಪ್ಲಾಸ್ಟಿಕ್ ಕುದುರೆ ಅದರತ್ತ ವಾಲಿತ್ತು.

ರಾಣಿ ಹೋಗಲಿ, ಎರಡೂ ಒಂಟೆ ಹೋಗಲಿ,
ಆ ಕೊಂಡಿಯನ್ನು ಮಾತ್ರ ಕೊಡಳು.
ಹಾಗಾಗಿಯೇ ಸೋಲು. ಆರು ಶನಿವಾರ ಸೋತಳು.
ಅಷ್ಟರಲ್ಲಿ ಚಿಕ್ಕಿ ಮುಗಿದಿತ್ತು,
ಮಕ್ಕಳು ಹನ್ನೊಂದಾಗಿದ್ದರು.

"ಎಲ್ಲಾರನ್ನೂ ಹೊಡೀತೀವಿ, ರಾಜನ್ನ ಯಾಕೆ ಹೊಡೆಯಲ್ಲ?"
ತೀರ್ಥೇಶನ ಪ್ರಶ್ನೆ.
ನಿಯಮ ಕಣೋ, ಎಂದೆ,
ಗೊತ್ತಿಲ್ಲ ಎನ್ನಲು ಬಾಯಿ ಬಾರದ ಮೇಷ್ಟರೆಲ್ಲ ಅನ್ನುವ ಹಾಗೆ.
ಜಬೀನಾ ತಲೆ ಎತ್ತಲಿಲ್ಲ:
"ಕಾಡಾನೆ ಹಿಡಿಯೋದೂ ಹಂಗೇ.
ಆ ಕಡೆ ನಮ್ಮದೊಂದು, ಈ ಕಡೆ ಒಂದು, ಹಿಂದೆ ಒಂದು
ಸುಮ್ನೆ ಒತ್ಕೊಂಡು ನಿಲ್ತವೆ.
ಅದಕ್ಕೇ ಗೊತ್ತಾಗುತ್ತೆ."
"ಏನು?"
"ಇನ್ನು ಮನೆ ಇಲ್ಲ ಅಂತ."

ಹಾಸಿನ ಚೌಕಕ್ಕೆ ನಾವು ಮನೆ ಅನ್ನುತ್ತೇವೆ,
ಅಷ್ಟೇ ಅರ್ಥದಲ್ಲಿ ಅಂದಿರಬೇಕು ಹುಡುಗಿ.

ಏಳನೇ ಶನಿವಾರ ನನ್ನೆದುರು ಕೂತಳು. ನಾನು ಬಿಳಿ.
ನಂಜಿಯ ಕೊಂಡಿ ಕೊನೆಗೂ ಮೂಲೆ ಬಿಟ್ಟು ಹೊರಟಿತು.
ಎತ್ತಿ ಇಡಲಿಲ್ಲ ಅವಳು, ರಟ್ಟಿನ ಮೇಲೆ
ಸರ್ರನೆ ಎಳೆದಳು, ನೇರ,
ನಿಯಮದಂತೆ ನೇರ,
ತುಕ್ಕಿನ ಗೆರೆ ಏಳು ಮನೆ ದಾಟಿ ಬಂದು ನಿಂತಿತು.
ಚೆಕ್ ಅನ್ನಲಿಲ್ಲ. ಗೆದ್ದೆ ಅನ್ನಲಿಲ್ಲ.
ಕೈಕಟ್ಟಿ ಕೂತಳು,
ನನಗೇ ಗೊತ್ತಾಗಲಿ ಅಂತ.

ಹೊರಗೆ ಹನ್ನೆರಡೂ ಕಾಲಿನ ಬಸ್ಸು
ಎರಡು ಸಲ ಹಾರ್ನ್ ಹೊಡೆದು ನೋಡಿತು.