ಮೂವತ್ತು ಸೆಕೆಂಡು, ಸುಮ್ಮನೆ

ತಾಲ್ಕಾವಾನೋ ಬಂದರಿನ ತಾಂತ್ರಿಕ ಶಾಲೆ, ಮೂರನೇ ಮಹಡಿ.
ಹನ್ನೊಂದು ಕಂಪ್ಯೂಟರುಗಳಲ್ಲಿ ಒಂಬತ್ತಕ್ಕೆ ಜೀವವಿದೆ.
ಕಿಟಕಿ ತೆರೆದರೆ ಮೀನುಹಿಟ್ಟಿನ ನಾತ,
ಮುಚ್ಚಿದರೆ ಇಪ್ಪತ್ತಾರು ಮಕ್ಕಳ ಬೆವರು.
ನಾವು ತೆರೆದೇ ಇಡುತ್ತೇವೆ.

ಮೊದಲ ದಿನ ಕೇಳಿದ್ದೆ:
ಕಲೆ ಬೇಕೆಂದು ಬಂದವರು ಕೈ ಎತ್ತಿ.
ಎಲ್ಲರೂ ಎತ್ತಿದರು.
ಡಿಸೆಂಬರಿಗೆ ಶಾಲೆ ಮುಗಿದೊಡನೆ ಸಂಬಳ ಬೇಕಾದವರು?
ಅವೇ ಕೈಗಳು,
ಇನ್ನೊಂದು ಗೇಣು ಮೇಲಕ್ಕೆ.

ಅದಕ್ಕೇ ಕಲಿಸುತ್ತೇನೆ
ಮಗುವಿಗೆ ಹೆಸರಿಟ್ಟಂತೆ ಫೈಲಿಗೆ ಹೆಸರಿಡುವುದನ್ನು.
'ಕೊನೆಯದು', 'ನಿಜವಾಗಿ ಕೊನೆಯದು', 'ದೇವರಾಣೆ ಕೊನೆಯದು'
ಎಂದಿಟ್ಟವನಿಗೆ ಯಾರೂ ಕೆಲಸ ಕೊಡುವುದಿಲ್ಲ, ಯೆರ್ಕೊ.
ಕೇಬಲ್ಲನ್ನು ಮೊಣಕೈಗೆ ಬಿಗಿದು ಸುತ್ತಬೇಡ,
ಅದಕ್ಕೂ ನೆನಪಿದೆ, ಬಾಗಬೇಕೆಂದ ಕಡೆಗೆ ಬಿಡು.
ಬಣ್ಣ ತಿದ್ದುವಾಗ ಮೊದಲು ಮುಖ ನೋಡು, ಆಮೇಲೆ ಆಕಾಶ.
ಗಿರಾಕಿ ಹೇಳಿದ್ದನ್ನು ಬರೆದುಕೊ.
ಹೇಳದೆ ನುಂಗಿದ್ದನ್ನೂ.

ಮತ್ತೆ, ಎಲ್ಲಿ ಚಿತ್ರೀಕರಿಸಿದರೂ
ಹೊರಡುವ ಮುಂಚೆ ಮೂವತ್ತು ಸೆಕೆಂಡು
ಯಾರೂ ಪಿಟಿಕ್ಕೆನ್ನದಂತೆ ನಿಲ್ಲಿಸಿ
ಆ ಜಾಗದ ಮೌನವನ್ನು ಹಿಡಿದು ತನ್ನಿ.
ನಗುತ್ತಾರೆ. ಮ್ಯೂಟ್ ಒತ್ತಿದರೆ ಸಾಲದೇ, ಪ್ರೊಫೆ?
ಸಾಲದು.
ಮಾತನ್ನು ಕತ್ತರಿಸಿದಲ್ಲಿ ಗುಂಡಿ ಬೀಳುತ್ತದೆ,
ಬೇರೆ ಹೊಲದ ಮಣ್ಣು ಅಲ್ಲಿ ಕೂರುವುದಿಲ್ಲ.

ನಯಾರೆತ್ ಕತ್ರಿಲೆಯೊ ನಗಲಿಲ್ಲ.
ಅವಳ ಪಾಲಿಗೆ ಬಂದದ್ದು ಸಾರ್ಡೀನ್ ಕಾರ್ಖಾನೆ:
ತೊಂಬತ್ತು ಸೆಕೆಂಡಿನ ಸುರಕ್ಷತಾ ಚಿತ್ರ,
ಕೂಲಿ ಎಂದರೆ ಮಧ್ಯಾಹ್ನದ ಊಟ, ಬಸ್ಸಿನ ಕಾಸು, ಒಂದು ಪ್ರಮಾಣಪತ್ರ.
ನಾಲ್ಕನೇ ಸಾಲಿನಲ್ಲಿ ಅವಳ ತಾಯಿ, ಹತ್ತೊಂಬತ್ತು ವರ್ಷದಿಂದ.
ಎಡಗೈಯ ಉಂಗುರದ ಬೆರಳು ಅರ್ಧಕ್ಕೇ ನಿಂತಿದೆ.
'ಐದು ಬೆರಳೂ ಸಮ ಇರೋದಿಲ್ಲ ಅಂತಾರಲ್ಲ,
ನನ್ನ ಕೈಯಲ್ಲಿ ಲೆಕ್ಕವೂ ಸಮ ಇಲ್ಲ' ಎಂದು
ಕ್ಯಾಮೆರಾ ಮುಂದೆ ಅದನ್ನೆತ್ತಿ ತೋರಿಸಿ ನಕ್ಕಳಂತೆ.

ಪಾಳಿ ಬದಲಾಗುವ ಹೊತ್ತು. ಯಂತ್ರ ನಿಂತಿತು.
ಮೇಸ್ತ್ರಿ ಗಡಿಯಾರ ನೋಡುತ್ತ ಅರ್ಧ ನಿಮಿಷ ಕೊಟ್ಟ.
ಬಿಳಿ ಬೂಟು, ತಲೆಗೆ ಬಲೆ, ನಲವತ್ತು ಹೆಂಗಸರು
ಒಬ್ಬ ಹದಿನೇಳರ ಹುಡುಗಿಯ ಎತ್ತಿದ ಬೆರಳಿಗೆ
ಕಟ್ಟುಬಿದ್ದು ನಿಂತರು.
ಆಮೇಲೆ ಅವಳು ಹೆಡ್‌ಫೋನನ್ನು ಅಮ್ಮನ ಕಿವಿಗಿಟ್ಟಳು.
ಅಮ್ಮ ಬಹಳ ಹೊತ್ತು ಕೇಳಿ,
'ಇದು ಯಾವ ಜಾಗ?' ಅಂದಳು.

ಗಿರಾಕಿಯ ಉತ್ತರ ಮಂಗಳವಾರ ಬಂತು:
ಐವತ್ತೊಂದನೇ ಸೆಕೆಂಡಿನ ಕೈ ತೆಗೆಯಿರಿ.
ನೋಡಲು ಚೆನ್ನಾಗಿಲ್ಲ. ಉಳಿದದ್ದೆಲ್ಲ ಬಹಳ ಚೆನ್ನಾಗಿದೆ.

ನಯಾರೆತ್ ನನ್ನ ಮುಖ ನೋಡಿದಳು.
ನಾನು ಎಂಟು ವರ್ಷ ಮದುವೆಯ ವೀಡಿಯೊ ಜೋಡಿಸಿದವಳು.
ಬೀಗರಿಗೆ ಬೇಡವಾದ ಚಿಕ್ಕಮ್ಮನನ್ನು
ಒಂದು ನೆರಿಗೆಯೂ ಏಳದಂತೆ ಎತ್ತಿಹಾಕಿ
ಆ ದುಡ್ಡಲ್ಲಿ ಮನೆಬಾಡಿಗೆ ಕಟ್ಟಿದವಳು.
ಏನು ಹೇಳಲಿ? ಬಾಯಿ ತೆರೆದೆ.
ಗಂಟೆ ಹೊಡೆಯಿತು.
ಬದುಕಿದೆ ಅಂದುಕೊಂಡೆ, ಅದನ್ನು ಇನ್ನೂ ಮರೆತಿಲ್ಲ.

ಅವಳೇ ತೆಗೆದಳು.
ಕೈಯಿದ್ದ ಕಡೆ ಖಾಲಿ ಬೆಲ್ಟು, ಒದ್ದೆ ನೆಲ.
ನಿರೂಪಣೆಯಿಲ್ಲ, ಸಂಗೀತವಿಲ್ಲ,
ನಾಲ್ಕು ಸೆಕೆಂಡು ಆ ಜಾಗದ ಮೌನ ಮಾತ್ರ.
ಗಿರಾಕಿ ಒಪ್ಪಿದ. ಅಚ್ಚುಕಟ್ಟು ಎಂದು ಬರೆದ.
ಕಾರ್ಖಾನೆಯ ಊಟದ ಮನೆಯಲ್ಲಿ ತೋರಿಸಿದಾಗ
ಅಷ್ಟು ಹೊತ್ತೂ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದವರು
ಐವತ್ತೊಂದಕ್ಕೆ ತಲೆ ಎತ್ತಿದರಂತೆ.
ಅಷ್ಟೇ. ಮತ್ತೆ ಸವರಿದರಂತೆ.

ಅಂಕ ಹಾಕಲು ಕೂತಿದ್ದೇನೆ, ಶಾಲೆ ಖಾಲಿ.
ಅವಳ ಫೋಲ್ಡರಿನಲ್ಲಿ ಎಲ್ಲ ನಾನು ಕಲಿಸಿದಂತೆಯೇ ಇದೆ:
ಸಾಲು ನಾಲ್ಕು, ಮೌನ, ಅಮ್ಮ, ಸೊನ್ನೆ ಒಂದು.
ಕಿಟಕಿ ಮುಚ್ಚಿ ಕೇಳುತ್ತೇನೆ.
ತೊಟ್ಟಿಕ್ಕುವ ನೀರು. ಶೀತಲಪೆಟ್ಟಿಗೆಯ ಗುರುಗುರು.
ತಗಡಿನ ಮೇಲೆ ಕಡಲಹಕ್ಕಿಯ ಉಗುರು.
ಇಪ್ಪತ್ತೆರಡರಲ್ಲಿ ಯಾರೋ ತಡೆಯಲಾರದೆ
ಕೈಗವಸು ಕಳಚುತ್ತಾರೆ, ಬೆರಳು ಬೆರಳಾಗಿ.

ನಾನು ಎಣಿಸುತ್ತೇನೆ. ಮತ್ತೆ ಹಿಂದಕ್ಕೆ ಹೋಗಿ ಎಣಿಸುತ್ತೇನೆ.

ನಾಳೆ ಯೆರ್ಕೊಗೆ ಕೇಬಲ್ ಸುತ್ತುವುದನ್ನು
ಇನ್ನೊಮ್ಮೆ ತೋರಿಸಬೇಕು.