ತಾಳಿಕೆ

ಮಾಲ್ಬೋರ್ಕಿನ ಹ್ಯಾಂಗರಿನಲ್ಲಿ ಮೈನಸ್ ಹನ್ನೊಂದು.
ಝೆನೊನ್ ಕೈಗವಸು ಕಳಚಿ
ಹಳೆಯ ಮಿಗ್ಗಿನ ಟರ್ಬೈನ್ ಅಲಗಿಗೆ ಉಗುರು ಆನಿಸುತ್ತಾನೆ:
ಬಿರುಕು. ಕೂದಲೆಳೆಯಷ್ಟು.

"ಸಿಡುಕಿ ಇದು. ಕರಿಹೊಗೆ ಕಾರುತ್ತ
ಒಂದೇ ಉಸಿರಿಗೆ ಮೋಡ ದಾಟುತ್ತಿತ್ತು.
ಕೆಲವು ನೂರು ಗಂಟೆ, ಅಷ್ಟೇ.
ಆಮೇಲೆ ಮರದ ಪೆಟ್ಟಿಗೆ, ಗೂಡ್ಸ್ ರೈಲು, ರಿಪೇರಿ."

ವಾಸ್ಕ್ ನೆಲೆಯ ಹೊಸ ಎಂಜಿನ್ನು
ತಾಳುತ್ತದೆ, ಬಾಳುತ್ತದೆ,
ಸಾವಿರಗಟ್ಟಲೆ ಗಂಟೆ ಕೆಮ್ಮಿಲ್ಲ;
ತನ್ನ ದಣಿವಿನ ಲೆಕ್ಕ ತಾನೇ ಬರೆದು
ಪರದೆಗೆ ಒಪ್ಪಿಸುತ್ತದೆ.
ಅದರೆದೆಗೆ ಕಿವಿಗೊಡುವ ಮುದುಕ
ಯಾರಿಗೂ ಬೇಕಿಲ್ಲ.

"ಹಾಗಾದರೆ ಯಾವುದು ಮೇಲು?"
ತರಬೇತಿಗೆ ಬಂದ ಯಾಗ್ನಾ ಕೇಳಿದಳು,
ಪೆನ್ಸಿಲ್ ಹಿಡಿದು.

ಝೆನೊನ್ ಬಲಗಿವಿಯ ಯಂತ್ರ ತಿರುಪಿದ.
ಆ ಕಿವಿಯನ್ನು ತಿಂದದ್ದು ಯಾವ ಎಂಜಿನ್ನು
ಎಂದು ಅವನೊಬ್ಬನಿಗೇ ಗೊತ್ತು.
ಅಲಗನ್ನು ಬಟ್ಟೆಯಲ್ಲಿ ಸುತ್ತುತ್ತ, ಮೆಲ್ಲಗೆ,
"ಏನಂದೆ?" ಎಂದ.